ಸೀಟಿ ಹಿಡಿದವನು

ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿಕೊಂಡು ಕಾಲ್ಚೆಂಡಾಟದ ಹುಚ್ಚು ಹಚ್ಚಿಕೊಳ್ಳುವುದೆಂದರೆ, ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆಯೇ ಸರಿ. ನಮ್ಮ ದಕ್ಷಿಣ ಬೆಂಗಳೂರು ಕ್ರಿಕೆಟ್ಟಿನ ಸೀಮೆ. ಬಸವನಗುಡಿ, ಜಯನಗರಗಳಿಂದ ಹಿಡಿದು ನಮ್ಮ ಕೆರೆಯಂಚಿನ ಓಣಿಯವರೆಗೆ, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ ಹುಡುಗ ವಿಕೆಟ್ಟನ್ನೇ ಬರೆದಿರುತ್ತಾನೆ. ಕಾಲ್ಚೆಂಡು ಬೇಕೆನ್ನುವವನು ದಂಡಿನ ಕಡೆಗೆ ಹೋಗಬೇಕು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ. ಹಲಸೂರಿನ ಗೌತಮಪುರದವರಂತೂ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಗೋರರು ಆಡಿಬಿಟ್ಟುಹೋದ ಆಟವನ್ನು ಆ ಕೇರಿಗಳು ತಮ್ಮ ಮನೆಯ ದೇವರಂತೆ ಉಳಿಸಿಕೊಂಡಿವೆ.

ಈಚೆಗೆ ಒಂದು ಮಧ್ಯಾಹ್ನ ನಾನೂ ಮೆಟ್ರೋ ಹತ್ತಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿದ್ದೆ. ಜಿಲ್ಲಾ ಲೀಗಿನಲ್ಲಿ ಕೆಳ ಡಿವಿಷನ್ನಿನ ಪಂದ್ಯ. ಅದಕ್ಕೆ ಟಿಕೀಟು ಇಲ್ಲ, ಜಾಹೀರಾತು ಇಲ್ಲ. ನೋಡುವವರು ನಲವತ್ತು ಐವತ್ತು ಮಂದಿ, ಅವರಲ್ಲಿ ಅರ್ಧ ಆಟಗಾರರ ಬಂಧುಗಳು. ನಾನು ಹಲವು ವರ್ಷಗಳಿಂದ ಪಕ್ಷ ವಹಿಸಿರುವ ತಂಡದ ಹೆಸರು ಇಲ್ಲಿ ಬೇಡ. ಡ್ರಾ ಆದರೆ ಅವರು ಆ ಡಿವಿಷನ್ನಿನಲ್ಲಿ ಉಳಿಯುತ್ತಿದ್ದರು, ಸೋತರೆ ಕೆಳಗಿಳಿಯಬೇಕಿತ್ತು. ಒಂದು ಗೋಲು ಹಿಂದಿದ್ದರು. ಪಂದ್ಯ ಮುಗಿಯಲು ಎರಡೋ ಮೂರೋ ನಿಮಿಷ ಇರುವಾಗ ನಮ್ಮ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ಮೇಲಿನ ಅಡ್ಡಕಂಬದ ಒಳಮೈಗೆ ಬಡಿದು ನೇರವಾಗಿ ಕೆಳಗೆ ಬಿತ್ತು. ಗೆರೆಯ ಒಳಗೋ, ಹೊರಗೋ? ಗೋಲಿಯು ಅದನ್ನು ಬಾಚಿಕೊಂಡ. ರೆಫರಿ ಕೈ ಬೀಸಿ ‘ಆಡಿ’ ಎಂದರು.

ನಾನು ಎದ್ದು ನಿಂತು ಕೂಗಿದ ಮಾತನ್ನು ಈ ಪುಟದಲ್ಲಿ ಅಚ್ಚು ಹಾಕಿಸುವಂತಿಲ್ಲ. ಮೊಮ್ಮಗ ಜೊತೆಯಲ್ಲಿ ಬಂದಿರಲಿಲ್ಲವೆಂಬುದೇ ಪುಣ್ಯ. ಕೆಳಗಿನ ಡಿವಿಷನ್ನಾದರೇನು ಎಂದು ಓದುಗರು ಕೇಳಬಹುದು. ಒಂದು ಕಾಲಕ್ಕೆ ಎಚ್.ಎ.ಎಲ್., ಐ.ಟಿ.ಐ. ತಂಡಗಳ ಕಣ್ಣಿಗೆ ಬಿದ್ದ ಹುಡುಗನಿಗೆ ಆಟದೊಡನೆ ಕಾರ್ಖಾನೆಯ ನೌಕರಿಯೂ ದಕ್ಕುತ್ತಿತ್ತು. ಆ ಬಾಗಿಲುಗಳು ಈಗ ಬಹಳ ಕಿರಿದಾಗಿವೆ. ಆದರೂ ಮೇಲಿನ ಡಿವಿಷನ್ನಿನಲ್ಲಿ ಆಡುವವನನ್ನು ಯಾರಾದರೂ ನೋಡಿಯಾರು, ಕೆಳಗಿಳಿದವನನ್ನು ನೋಡುವವರಿಲ್ಲ. ಅಂದು ಆ ಚೆಂಡನ್ನು ಒದ್ದವನು ಬೆಳಗಿನ ಹೊತ್ತು ಗ್ಯಾರೇಜಿನಲ್ಲಿ ದುಡಿದು ಬಂದವನು.

ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ಇಷ್ಟು ಮಂದಿಯ ಹಣೆಬರಹವನ್ನು ಒಬ್ಬನ ಬಾಯಿಯ ಸೀಟಿಗೆ ಒಪ್ಪಿಸಿದವರು ಯಾರೆಂದು ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆ.

1863ರಲ್ಲಿ ಲಂಡನ್ನಿನಲ್ಲಿ ಈ ಆಟದ ನಿಯಮಗಳನ್ನು ಮೊದಲು ಬರೆದಾಗ ಅದರಲ್ಲಿ ರೆಫರಿಯ ಸುದ್ದಿಯೇ ಇಲ್ಲ. ಆಡುವವರೆಲ್ಲ ದೊಡ್ಡ ಮನುಷ್ಯರ ಮಕ್ಕಳು. ತಪ್ಪಾದರೆ ನಾಯಕರಿಬ್ಬರು ಮಾತಾಡಿಕೊಂಡು ಸರಿಮಾಡಿಕೊಳ್ಳತಕ್ಕದ್ದು. ಆ ಸೌಜನ್ಯ ಬಹುಕಾಲ ಬಾಳಲಿಲ್ಲ. ಆಮೇಲೆ ಪಕ್ಷಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಬಂದರು. ನಮ್ಮವನು ನಮ್ಮ ಕಡೆಗೆ, ಅವರವನು ಅವರ ಕಡೆಗೆ! ಆ ಇಬ್ಬರಿಗೂ ಒಮ್ಮತ ಬಾರದಾಗ ‘ಹೋಗಿ ಆತನನ್ನು ಕೇಳೋಣ’ ಎಂದು ಅಂಚಿನಲ್ಲಿ ನಿಲ್ಲಿಸಿದ ಮೂರನೆಯವನೇ ರೆಫರಿ. ಕೇಳಿದರೆ ಮಾತ್ರ ಹೇಳುವವನು. ಆ ಇಂಗ್ಲಿಷ್ ಹೆಸರಿನ ಅರ್ಥವೂ ಅದೇ. ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಯ ಹಿರಿಯನಂತೆ ಅವನು. 1891ರಲ್ಲಿ ಅವನನ್ನು ಅಂಚಿನಿಂದ ಎಬ್ಬಿಸಿ ಮೈದಾನದ ನಡುವಿಗೆ ಕಳಿಸಿದರು, ಅಂಪೈರುಗಳನ್ನು ಬಾವುಟ ಕೊಟ್ಟು ಗೆರೆಯ ಬದಿಗೆ ಅಟ್ಟಿದರು. ಪೆನಾಲ್ಟಿ ಒದೆತ ಬಂದುದೂ ಅದೇ ವರ್ಷ. ಸಜ್ಜನರು ಬೇಕೆಂದು ತಪ್ಪು ಮಾಡುತ್ತಾರೆಯೆ ಎಂದು ಕೆಲವರು ಮುನಿಸಿಕೊಂಡರಂತೆ. ಬೊಂಬಾಯಿಯಲ್ಲಿ ರೋವರ್ಸ್ ಕಪ್ ಪಂದ್ಯಾವಳಿ ಶುರುವಾದುದೂ ಅದೇ 1891ರಲ್ಲಿ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

ಆ ಕಪ್ಪಿನ ಮೇಲೆ ಗೋರರ ಪಲ್ಟಣಗಳ ಹೆಸರೇ ಕೆತ್ತಲ್ಪಡುತ್ತಿದ್ದ ಕಾಲದಲ್ಲಿ, 1937ರಲ್ಲಿ, ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು, 1948ರಲ್ಲಿ ಮತ್ತೊಮ್ಮೆ. ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನೊಡನೆ ಆಡಿತು. ನಮ್ಮವರು ಬಹುಮಂದಿ ಬರಿಗಾಲಿನಲ್ಲಿದ್ದರು. ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಸೋತದ್ದು 2-1ರಿಂದ. ಆದರೆ ಅಂದು ರೆಫರಿ ಎರಡು ಬಾರಿ ನಮಗೆ ಪೆನಾಲ್ಟಿ ಕೊಟ್ಟಿದ್ದರು. ಎರಡನ್ನೂ ನಾವೇ ಕಳೆದುಕೊಂಡೆವು. ರೆಫರಿಯನ್ನು ಬೈಯುವ ಸುಖವೂ ಇಲ್ಲದ ಸೋಲು ಅದು.

ನನ್ನ ಗೆರೆಯ ಪ್ರಶ್ನೆಗೆ ಹತ್ತಿರದ ಸಂಗತಿ ಸಿಕ್ಕಿದ್ದು 1966ರ ವಿಶ್ವಕಪ್ಪಿನಲ್ಲಿ. ಫೈನಲಿನ ಹೆಚ್ಚುವರಿ ಅವಧಿಯಲ್ಲಿ ಇಂಗ್ಲೆಂಡಿನ ಹರ್ಸ್ಟ್ ಒದ್ದ ಚೆಂಡು, ನಮ್ಮ ಹುಡುಗನ ಚೆಂಡಿನಂತೆಯೇ, ಅಡ್ಡಕಂಬಕ್ಕೆ ಬಡಿದು ಕೆಳಗೆ ಬಿತ್ತು. ಸ್ವಿಸ್ ರೆಫರಿ ಗೆರೆಯ ಬದಿಯ ತೋಫಿಕ್ ಬಹ್ರಾಮೋವ್ ಅವರ ಕಡೆ ಓಡಿದರು. ಅಜರ್‌ಬೈಜಾನಿನ ಆ ಮನುಷ್ಯ ತಲೆಯಾಡಿಸಿದರು, ಗೋಲಾಯಿತು. ಜರ್ಮನರು ಇಂದಿಗೂ ಒಪ್ಪಿಲ್ಲ. ಬಾಕು ನಗರದ ದೊಡ್ಡ ಕ್ರೀಡಾಂಗಣಕ್ಕೆ ಈಗ ಬಹ್ರಾಮೋವರ ಹೆಸರಿದೆ. ಒಬ್ಬ ಲೈನ್ಸ್‌ಮನ್ನನಿಗೆ ಇಂಥ ಗೌರವ! ನಮ್ಮಲ್ಲಿ ರೆಫರಿಯ ಹೆಸರಿನ ಒಂದು ಕಲ್ಲುಬೆಂಚನ್ನೂ ನಾನು ಕಂಡಿಲ್ಲ. ಅದೇ ಪಂದ್ಯಾವಳಿಯಲ್ಲಿ ಜರ್ಮನ್ ರೆಫರಿಯ ಮಾತು ಅರ್ಥವಾಗದೆ ಅರ್ಜೆಂಟೀನದ ರತ್ತಿನ್ ಹೊರಹೋಗಲು ಒಪ್ಪದೆ ರಂಪವಾಯಿತು. ರೆಫರಿಗಳ ಮೇಲ್ವಿಚಾರಕ ಕೆನ್ ಆಸ್ಟನ್ ಕಾರಿನಲ್ಲಿ ಮನೆಗೆ ಹೋಗುತ್ತ ರಸ್ತೆಯ ದೀಪದ ಹಳದಿ ಕೆಂಪುಗಳನ್ನು ನೋಡಿ ಚೀಟಿಗಳ ಉಪಾಯ ಹೊಳೆಯಿಸಿಕೊಂಡರು. 1970ರಲ್ಲಿ ಅವು ಜಾರಿಗೆ ಬಂದವು. ಬೆಂಗಳೂರಿನ ಸಿಗ್ನಲಿನಲ್ಲಿ ಕುಳಿತಿದ್ದರೆ ಅವರಿಗೆ ಇನ್ನೂ ನಾಲ್ಕು ಉಪಾಯ ಹೊಳೆಯುವಷ್ಟು ಹೊತ್ತು ಸಿಗುತ್ತಿತ್ತು.

ನಮ್ಮೂರಿನ ಈಚಿನ ಪ್ರಕರಣವನ್ನೂ ಹೇಳಬೇಕು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸ್‌ಗೂ ಪಂದ್ಯ. ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಛೆತ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು, ರೆಫರಿ ಒಪ್ಪಿದರು. ಕೇರಳದವರು ಮೈದಾನ ಬಿಟ್ಟು ನಡೆದೇಬಿಟ್ಟರು, ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ತೆತ್ತರು. ಮರುದಿನ, ಮಾರ್ಚ್ 4ರಂದು, ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಐವತ್ನಾಲ್ಕು ವರ್ಷ ಕಾದ ಗೆಲುವು! ನಾನು ಮಾತ್ರ ಆ ವಾರವೆಲ್ಲ ಚಹದಂಗಡಿಯಲ್ಲಿ ವಾದಿಸಿದ್ದು ಹಿಂದಿನ ರಾತ್ರಿಯ ಸೀಟಿಯ ವಿಷಯವನ್ನೇ. ಆ ರೆಫರಿಯ ತೀರ್ಪು ನೂರಕ್ಕೆ ನೂರು ಸರಿಯೆಂಬುದು ನನ್ನ ವಾದ. ತೀರ್ಪು ನಮ್ಮ ಕಡೆಗಿತ್ತಲ್ಲ.

ಅಶೋಕನಗರದ ಆ ಸಂಜೆಗೆ ಮರಳುತ್ತೇನೆ. ಪಂದ್ಯ ಮುಗಿದು ಹುಡುಗರು ಹುಲ್ಲುಹಾಸಿನ ಮೇಲೆ ಕುಳಿತೇ ಇದ್ದರು. ನಾನು ಗೇಟಿನ ಬಳಿ ಬಂದಾಗ ಹೆಗಲಿಗೆ ಚೀಲ ಹಾಕಿಕೊಂಡು ರೆಫರಿ ಒಬ್ಬರೇ ನಿಂತಿದ್ದರು. ಮೂವತ್ತು ದಾಟಿರಲಾರದು, ಮೊಣಕಾಲು ತರಚಿತ್ತು. ಬೈದ ಬಾಯಿಗೆ ನಾಚಿಕೆಯಾಗಿ ಪಕ್ಕಕ್ಕೆ ಸರಿದುಹೋಗಬೇಕೆಂದಿದ್ದೆ, ಆದರೆ ಪ್ರಶ್ನೆ ತಡೆಯಲಿಲ್ಲ.

“ಸಾರ್, ನಿಜ ಹೇಳಿ, ಅದು ಗೋಲಾಗಿರಲಿಲ್ಲವೇ?”

“ನಾನು ನಿಂತಿದ್ದ ಜಾಗದಿಂದ ಆಗಿರಲಿಲ್ಲ ಸಾರ್. ನೀವು ಎಲ್ಲಿ ಕೂತಿದ್ರಿ?”

ನಡುಗೆರೆಯ ನೇರಕ್ಕೆ, ನೆರಳಿರುವ ಕಡೆ ಎಂದೆ. ಅವರು ನಗಲಿಲ್ಲ. ಲೈನ್ಸ್‌ಮನ್ ಹುಡುಗನೂ ಬಾವುಟ ಎತ್ತಲಿಲ್ಲವೆಂದೂ, ಮನೆಗೆ ಹೋದ ಮೇಲೆ ತಾವೂ ಇದನ್ನೇ ಯೋಚಿಸುವುದೆಂದೂ ಹೇಳಿದರು. ಅಷ್ಟರಲ್ಲಿ ಶಿವಾಜಿನಗರದ ಬಸ್ಸು ಬಂತು. ಅವರು ಹತ್ತಿ ಕಂಬಿ ಹಿಡಿದು ನಿಂತರು.