ಕೂಪಾ (ಪ್ರಾಣಿ ಆಶ್ರಯ ಸಂಸ್ಥೆ, ಬೆಂಗಳೂರು)

ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಸ್ಥಾಪಿಸಿದ ಪ್ರಾಣಿದಯಾ ಸಂಸ್ಥೆ. ಜೈಪುರದ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದವರೂ ಅವರೇ. ದಾನಿಗಳು, ಸ್ವಯಂಸೇವಕರ ಬಲದಿಂದ ಇದರ ಕೆಲಸ ಬೀದಿಪ್ರಾಣಿಗಳ ಚಿಕಿತ್ಸೆ, ಸಂತಾನಶಕ್ತಿ ಹರಣ, ಲಸಿಕೆ, ದತ್ತು ನೀಡಿಕೆ, ವನ್ಯಜೀವಿ ಆರೈಕೆಯವರೆಗೆ ಹಬ್ಬಿತು. ಹಣಕ್ಕಿಂತಲೂ ಓಣಿಯವರ ಸಹಕಾರವೇ ಇಲ್ಲಿ ದೊಡ್ಡ ಆಸ್ತಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು. ಅಲ್ಲಿನವರು ಒಪ್ಪದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಮನುಷ್ಯರಿಗೇ ಆಸ್ಪತ್ರೆ ಸಾಲದಿರುವಾಗ ನಾಯಿಗೇಕೆ ದಾನ ಎಂಬ ಆಕ್ಷೇಪ ಸಹಜವೇ. ಆದರೆ ಭಾರತದಲ್ಲಿ ಮನುಷ್ಯರಿಗೆ ರೇಬೀಸ್ ಬರುವುದು ಬಹುಪಾಲು ನಾಯಿಕಡಿತದಿಂದ, ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಸೋಂಕಿನ ಸರಪಳಿ ತುಂಡಾಗುತ್ತದೆ. ಗೊರೂರು, ಅರಕಲಗೂಡಿನಂಥ ಸಣ್ಣ ಊರುಗಳಲ್ಲೂ ಆಶ್ರಯದ ಕಟ್ಟಡಕ್ಕೆ ಕಾಯದೆ, ಪಶುವೈದ್ಯರೂ ನಾಯಿಗೆ ಅನ್ನ ಹಾಕುವವರೂ ಕೂಡಿ ಲಸಿಕೆಯಿಂದಲೇ ಆರಂಭಿಸಬಹುದು.