24 ವಾರ, 49 ವಾರ

ಭಾರತೀಯ ಸೇನೆಯಲ್ಲಿ ಮಹಿಳೆಯರ ಇತಿಹಾಸವನ್ನು ನಾವು ಸಾಮಾನ್ಯವಾಗಿ 'ಮೊದಲಿಗ'ರ ಪಟ್ಟಿಯಾಗಿ ಓದುತ್ತೇವೆ. ಮೊದಲ ಮಹಿಳಾ ಅಧಿಕಾರಿ, ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್, ಯುದ್ಧವಿಮಾನದ ಮೊದಲ ಮಹಿಳಾ ಪೈಲಟ್. ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ಪುಸ್ತಕಗಳಿಗೆ ಇಂಥ ಪಟ್ಟಿ ಬಹಳ ಅನುಕೂಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅದು ಅರ್ಧ ಕತೆ. ಬಾಗಿಲು ಯಾವತ್ತು ತೆರೆಯಿತು ಎಂಬುದನ್ನು ಅದು ಹೇಳುತ್ತದೆ. ಆ ಬಾಗಿಲಿನವರೆಗೆ ನಡೆದು ಬರಲು ಹುಡುಗಿಯರಿಗೆ ಎಷ್ಟು ಕಾಲ ಕೊಟ್ಟರು, ಯಾರು ಕಲಿಸಿದರು, ಕಲಿಸಿದ್ದನ್ನು ಆಮೇಲೆ ಯಾವ ಅಳತೆಗೋಲಿನಲ್ಲಿ ಅಳೆದರು ಎಂಬುದನ್ನು ಹೇಳುವುದಿಲ್ಲ. ನನ್ನ ಸಂಶೋಧನೆ ಇಪ್ಪತ್ತನೆಯ ಶತಮಾನದ ಹೆಣ್ಣುಮಕ್ಕಳ ಶಿಕ್ಷಣ ಸಂಸ್ಥೆಗಳ ಕುರಿತದ್ದು. ಆ ಓದಿನಲ್ಲಿ ಸೇನೆಯ ತರಬೇತಿಯ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಈ ಬರಹ ತಯಾರಿಯ ಆ ಇತಿಹಾಸವನ್ನು ಕುರಿತದ್ದು.

ನಮ್ಮ ಕಿತ್ತೂರಿನಿಂದಲೇ ಶುರುಮಾಡಬಹುದು. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ ಊರು ಅದು. ಅದೇ ಊರಿನಲ್ಲಿ 1969ರಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೈನಿಕ ಶಾಲೆಯ ಮಾದರಿಯ ಒಂದು ವಸತಿ ಶಾಲೆ ಆರಂಭವಾಯಿತು. ಇಸವಿಯನ್ನು ಗಮನಿಸಿ. 1969ರಲ್ಲಿ ಪಥಸಂಚಲನ ಕಲಿತು, ಶಿಸ್ತು ಕಲಿತು ಹೊರಬಂದ ಹುಡುಗಿಗೆ ಸೇನೆಯಲ್ಲಿ ಎಲ್ಲಿಗೆ ಹೋಗುವ ಅವಕಾಶವಿತ್ತು? ವೈದ್ಯೆಯಾಗಬಹುದಿತ್ತು, ಇಲ್ಲವೇ ಮಿಲಿಟರಿ ನರ್ಸಿಂಗ್ ಸೇವೆಗೆ ಸೇರಬಹುದಿತ್ತು. ಅಷ್ಟೇ. 1950ರ ಸೇನಾ ಕಾಯ್ದೆಯ 12ನೇ ಕಲಮು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ವಿಭಾಗಗಳನ್ನು ಬಿಟ್ಟು ಬೇರೆಲ್ಲಿಯೂ ಮಹಿಳೆಯರನ್ನು ಸೇರಿಸಿಕೊಳ್ಳುವಂತಿಲ್ಲ ಎಂದಿತ್ತು. ಅಂಥ ಅಧಿಸೂಚನೆ ಬಂದದ್ದು 1992ರಲ್ಲಿ. ಅಂದರೆ ಕಿತ್ತೂರಿನ ಶಾಲೆ 23 ವರ್ಷ ಬಾಗಿಲೇ ಇಲ್ಲದ ಗೋಡೆಯ ಮುಂದೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತಯಾರು ಮಾಡಿತು. ಇದನ್ನು ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ. ಆದರೆ ನಮ್ಮ ನಾಡಿನ ಒಂದು ವೈಚಿತ್ರ್ಯ ಇಲ್ಲಿ ಎದ್ದು ಕಾಣುತ್ತದೆ. ಕುದುರೆ ಏರಿ ಕತ್ತಿ ಹಿಡಿದ ರಾಣಿಯರನ್ನು ಊರ ಚೌಕಗಳಲ್ಲಿ ನಿಲ್ಲಿಸುತ್ತೇವೆ, ಹುಡುಗಿಯರಿಗೆ ಓಬವ್ವನ ವೇಷ ಹಾಕಿಸಿ ಬಹುಮಾನ ಕೊಡುತ್ತೇವೆ. ಅದೇ ಹುಡುಗಿ ಪದವಿ ಮುಗಿಸಿ ಅರ್ಜಿ ಹಿಡಿದು ಬಂದರೆ ಕಲಮು ತೋರಿಸುತ್ತಿದ್ದೆವು.

ಮಹಿಳೆಯರಿಗೆ ಸೈನಿಕ ತರಬೇತಿ ಅದಕ್ಕೆ ಮೊದಲು ಸಿಕ್ಕೇ ಇರಲಿಲ್ಲ ಎಂದಲ್ಲ. ಯುದ್ಧ ಬಂದಾಗಲೆಲ್ಲ ಸಿಕ್ಕಿದೆ. 1888ರಲ್ಲಿ ಬ್ರಿಟಿಷ್ ದಾದಿಯರ ಒಂದು ಸಣ್ಣ ತಂಡ ಮುಂಬೈಗೆ ಬಂದಿಳಿದದ್ದು ಇಲ್ಲಿನ ಮಿಲಿಟರಿ ನರ್ಸಿಂಗ್‌ನ ಆರಂಭ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ವಿಮೆನ್ಸ್ ಆಕ್ಸಿಲಿಯರಿ ಕೋರ್ (ಇಂಡಿಯಾ) ಹುಟ್ಟಿತು. ಸಾವಿರಾರು ಹೆಣ್ಣುಮಕ್ಕಳು ಸಮವಸ್ತ್ರ ತೊಟ್ಟು ಟೆಲಿಫೋನ್, ಬೆರಳಚ್ಚು, ಸಂಕೇತಲಿಪಿ, ಲೆಕ್ಕಪತ್ರದ ಕೆಲಸಗಳನ್ನು ನಿಭಾಯಿಸಿದರು. ಗಂಡಸರನ್ನು ರಣರಂಗಕ್ಕೆ ಬಿಡುವು ಮಾಡಿಕೊಡುವುದು ಆ ಪಡೆಯ ಉದ್ದೇಶವಾಗಿತ್ತು. ಯುದ್ಧ ಮುಗಿಯಿತು, ಪಡೆಯೂ ಮುಗಿಯಿತು.

ಅದೇ ಕಾಲದಲ್ಲಿ ಎದುರು ಪಾಳಯದಲ್ಲಿ ಇನ್ನೊಂದು ತರಬೇತಿ ನಡೆದಿತ್ತು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಸಿಂಗಪುರದಲ್ಲಿ ನೆಲೆಸಿದ್ದ ಡಾ. ಲಕ್ಷ್ಮೀ ಸ್ವಾಮಿನಾಥನ್ ಅವರ ನೇತೃತ್ವದಲ್ಲಿ ಆಜಾದ್ ಹಿಂದ್ ಫೌಜ್‌ನ ಝಾನ್ಸಿ ರಾಣಿ ರೆಜಿಮೆಂಟ್ ಸಿದ್ಧವಾಯಿತು. 1943ರ ಅಕ್ಟೋಬರ್ 22ರಂದು ಸಿಂಗಪುರದಲ್ಲಿ ಅದರ ತರಬೇತಿ ಶಿಬಿರ ತೆರೆಯಿತು. ಮಲಯದ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕುಟುಂಬಗಳ ಎಷ್ಟೋ ಹುಡುಗಿಯರು ಅಲ್ಲಿ ಬಂದೂಕು ಹಿಡಿಯುವುದನ್ನೂ ನಡಿಗೆಯನ್ನೂ ಕಲಿತರು. ಭಾರತವನ್ನು ಕಣ್ಣಾರೆ ಕಾಣದವರೇ ಅವರಲ್ಲಿ ಬಹಳ ಮಂದಿ. ಈ ಎರಡು ಪಡೆಗಳೂ ಒಂದೇ ವಿಷಯವನ್ನು ತೋರಿಸಿಕೊಟ್ಟಿದ್ದವು: ಕಲಿಸಿದರೆ ಕಲಿಯುತ್ತಾರೆ. ಆದರೂ 1950ರ ಕಾಯ್ದೆ ಬರೆದವರ ಕೈಯಲ್ಲಿ ಆ ಅನುಭವ ಒಂದು ಅಪವಾದವಾಗಿ ಉಳಿಯಿತೇ ವಿನಾ ನಿಯಮವಾಗಲಿಲ್ಲ.

ಕಾಯ್ದೆಯ ಗೋಡೆಗೆ ಒಂದು ಸಣ್ಣ ಕಿಟಕಿ ಮಾತ್ರ ಇತ್ತು, ಅದು ಎನ್‌ಸಿಸಿ. 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು, 1949ರಲ್ಲಿ ಹುಡುಗಿಯರ ವಿಭಾಗ ಶುರುವಾಯಿತು. ನಾನೂ ಪದವಿ ಕಾಲೇಜಿನಲ್ಲಿ ಖಾಕಿ ತೊಟ್ಟವಳು. 'ಸಾವಧಾನ್', 'ವಿಶ್ರಾಮ್', 'ತೇಜ್ ಚಲ್' ಎಂಬ ಹಿಂದಿ ಆಜ್ಞೆಗಳು ಅರ್ಥದ ಮೂಲಕ ಅಲ್ಲ, ಹಿಮ್ಮಡಿಯ ಮೂಲಕ ಮೈಗೆ ಇಳಿದವು. 'ಸಿ' ಪ್ರಮಾಣಪತ್ರಕ್ಕಾಗಿ ನಕಾಶೆ ಓದುವುದನ್ನು ಕಲಿತೆವು, ಗುಂಡು ಹಾರಿಸಿದೆವು. ನನ್ನ ತಾಯಿಯ ತಲೆಮಾರಿನ ಹುಡುಗಿಯರೂ ಇವೆಲ್ಲವನ್ನೂ ಕಲಿತವರೇ. ಅವರ ಪ್ರಮಾಣಪತ್ರ ಮದುವೆಯ ನಂತರ ಟ್ರಂಕಿನ ತಳ ಸೇರಿತು. ನಮ್ಮ ಪ್ರಮಾಣಪತ್ರಕ್ಕೆ ಒಂದು ವಿಳಾಸವಿತ್ತು: ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿರುವ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ.

ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ತುರ್ತಾಗಿ ಅಧಿಕಾರಿಗಳನ್ನು ತಯಾರು ಮಾಡಲು ಹುಟ್ಟಿದ ಸಂಸ್ಥೆ ಅದು. 1992ರ ಜನವರಿ 30ರ ಅಧಿಸೂಚನೆಯ ನಂತರ, ಅದೇ ವರ್ಷ ಸೆಪ್ಟೆಂಬರಿನಲ್ಲಿ, 25 ಯುವತಿಯರು ಅದರ ಗೇಟಿನೊಳಗೆ ಹೋದರು. ಅವರಲ್ಲಿ 001 ಸಂಖ್ಯೆಯ ಕೆಡೆಟ್ ಪ್ರಿಯಾ ಝಿಂಗನ್. ಮಹಿಳೆಯರಿಗೆ ಅವಕಾಶ ಕೊಡಿ ಎಂದು ಸೇನಾ ಮುಖ್ಯಸ್ಥ ಜನರಲ್ ಸುನಿತ್ ಫ್ರಾನ್ಸಿಸ್ ರಾಡ್ರಿಗಸ್ ಅವರಿಗೆ ನೇರವಾಗಿ ಕಾಗದ ಬರೆದಿದ್ದವರು ಅವರು. 1993ರ ಮಾರ್ಚ್ 6ರಂದು ಆ ತಂಡ ಅಧಿಕಾರಿಗಳಾಗಿ ಹೊರಬಂತು.

ಸೆಪ್ಟೆಂಬರಿನಿಂದ ಮಾರ್ಚ್‌ಗೆ ಲೆಕ್ಕ ಹಾಕಿದರೆ 24 ವಾರ. ಅದೇ ಅಕಾಡೆಮಿಯಲ್ಲಿ ಪುರುಷರ ತರಬೇತಿ 49 ವಾರ.

ಈ ಎರಡು ಸಂಖ್ಯೆಗಳ ನಡುವಿನ 25 ವಾರ ನನಗೆ ಇಡೀ ಇತಿಹಾಸದ ಕೀಲಿಯಂತೆ ಕಾಣುತ್ತದೆ. ಕಡಿಮೆ ಅವಧಿಯನ್ನು ಮೇಲ್ನೋಟಕ್ಕೆ ರಿಯಾಯಿತಿ ಎಂದುಕೊಳ್ಳಬಹುದು. ಆದರೆ ಅದರ ಹಿಂದೆ ಒಂದು ಊಹೆ ಅಡಗಿದೆ. ಇವರು ಐದು ವರ್ಷಕ್ಕೆ ಬಂದವರು, ಅಂಚೆ, ಕಾನೂನು, ಶಿಕ್ಷಣ, ಸರಬರಾಜಿನಂಥ ವಿಭಾಗಗಳಿಗೆ ಬಂದವರು, ತುಕಡಿಯನ್ನು ಮುನ್ನಡೆಸಬೇಕಾದವರಲ್ಲ ಎಂಬ ಊಹೆ. ಆಗ ನೇಮಕವಾಗುತ್ತಿದ್ದದ್ದು 'ಮಹಿಳಾ ವಿಶೇಷ ಪ್ರವೇಶ ಯೋಜನೆ'ಯಡಿ. ಅಡುಗೆಮನೆಗೆ ಬಂದ ನೆಂಟರನ್ನು ಜಗಲಿಯ ಮೇಲೆ ಕೂರಿಸಿದಂತೆ ಅವರನ್ನು ಗೌರವದಿಂದಲೇ ಹೊರಗೆ ಕೂರಿಸಿದ್ದರು. 2006ರಲ್ಲಿ ಆ ಯೋಜನೆ ಹೋಗಿ ಶಾರ್ಟ್ ಸರ್ವಿಸ್ ಕಮಿಷನ್ ಬಂತು, ತರಬೇತಿ 49 ವಾರಕ್ಕೆ ಏರಿತು, ಸೇವೆ ಗರಿಷ್ಠ 14 ವರ್ಷಕ್ಕೆ ವಿಸ್ತರಿಸಿತು. ಪಿಂಚಣಿಗೆ 20 ವರ್ಷದ ಸೇವೆ ಬೇಕು. ಹದಿನಾಲ್ಕಕ್ಕೂ ಇಪ್ಪತ್ತಕ್ಕೂ ನಡುವೆ ಮತ್ತೊಂದು ಕಂದಕ.

ಈ ಕಂದಕದ ಜಗಳವೇ ನ್ಯಾಯಾಲಯಕ್ಕೆ ಹೋದದ್ದು. ವಕೀಲೆ ಬಬಿತಾ ಪುನಿಯಾ 2003ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿದರು. ಆಮೇಲೆ ಮಹಿಳಾ ಅಧಿಕಾರಿಗಳೂ ಅರ್ಜಿ ಹಾಕಿದರು. 2010ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟಿನ ತೀರ್ಪಿಗೆ 2020ರ ಫೆಬ್ರವರಿ 17ರವರೆಗೆ ಕಾಯಬೇಕಾಯಿತು. ಅಲ್ಲಿ ಸರ್ಕಾರ ಮಂಡಿಸಿದ ವಾದಗಳಲ್ಲೊಂದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸೈನಿಕರು ಹೆಚ್ಚಾಗಿ ಹಳ್ಳಿಗಳಿಂದ ಬಂದವರು, ಮಹಿಳಾ ಅಧಿಕಾರಿಯ ಆಜ್ಞೆಯನ್ನು ಒಪ್ಪಿಕೊಳ್ಳಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂಬುದು ಆ ವಾದದ ಸಾರ. ತಯಾರಿ ಯಾರದ್ದು ಬಾಕಿ ಇತ್ತು ನೋಡಿ! ಬೆನ್ನ ಮೇಲೆ ಹೊರೆ ಹೊತ್ತು ಓಡಿದವಳದ್ದಲ್ಲ, ಅವಳನ್ನು ನೋಡಬೇಕಾದ ಕಣ್ಣಿನದು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ಆ ವಾದವನ್ನು ತಳ್ಳಿಹಾಕಿತು.

ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಓದು 2021ರ ಮಾರ್ಚ್ 25ರ ನಿತಿಶಾ ಪ್ರಕರಣದ ತೀರ್ಪು. ಪರ್ಮನೆಂಟ್ ಕಮಿಷನ್ ಕೊಡಲು ಸೇನೆ ಒಪ್ಪಿತ್ತು. ಆದರೆ ಅಳತೆಗೋಲು ಹಳೆಯದೇ. ಪುರುಷ ಅಧಿಕಾರಿಗಳು ಸೇವೆಯ ಐದನೇ ಅಥವಾ ಹತ್ತನೇ ವರ್ಷದಲ್ಲಿ, ಅಂದರೆ ಯೌವನದಲ್ಲಿ, ಎದುರಿಸಿದ ವೈದ್ಯಕೀಯ ಮಾನದಂಡವನ್ನು ಈಗ ನಲವತ್ತು ದಾಟಿದ ಮಹಿಳೆಯರ ಮುಂದೆ ಇಡಲಾಗಿತ್ತು. ಅವರ ವಾರ್ಷಿಕ ಗೋಪ್ಯ ವರದಿಗಳದ್ದು ಇನ್ನೊಂದು ಕತೆ. ಇವರಿಗೆ ಮುಂದೆ ಭವಿಷ್ಯವೇ ಇಲ್ಲ ಎಂದು ಗೊತ್ತಿದ್ದ ಕಾಲದಲ್ಲಿ ಕಾಟಾಚಾರಕ್ಕೆ ಬರೆದ ವರದಿಗಳನ್ನು, ಈಗ ಭವಿಷ್ಯ ನಿರ್ಧರಿಸಲು ತೆಗೆದುಕೊಳ್ಳಲಾಗಿತ್ತು. ಇದು ಪರೋಕ್ಷ ತಾರತಮ್ಯ ಎಂದು ನ್ಯಾಯಾಲಯ ಹೇಳಿತು. ಎಲ್ಲರಿಗೂ ಒಂದೇ ನಿಯಮ ಎನ್ನುವಾಗಲೂ ಅನ್ಯಾಯ ನಡೆಯಬಲ್ಲದು ಎಂಬುದನ್ನು ಕಾನೂನಿನ ಭಾಷೆ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಬೇರೆಲ್ಲಿಯೂ ಕಂಡಿರಲಿಲ್ಲ. ತಯಾರಿಯ ಕಾಲದಲ್ಲಿ ಕಡಿಮೆ ಕೊಟ್ಟು, ಪರೀಕ್ಷೆಯ ಕಾಲದಲ್ಲಿ ಸಮಾನತೆ ಕೇಳುವುದು ಆ ಅನ್ಯಾಯದ ಸ್ವರೂಪ.

ಈ ಮಾತು ಸೇನೆಯೊಳಗಿನವರಿಗೆ ಮಾತ್ರವಲ್ಲ, ಒಳಗೆ ಹೋಗಬಯಸುವವರಿಗೂ ಅನ್ವಯಿಸುತ್ತದೆ. ಅಧಿಕಾರಿಗಳ ಆಯ್ಕೆಗೆ ಈಗ ಇರುವ ಎಸ್‌ಎಸ್‌ಬಿ ಪದ್ಧತಿಯ ಬೇರು ಎರಡನೇ ಮಹಾಯುದ್ಧದಲ್ಲಿದೆ. ಒಳ್ಳೆಯ ಮನೆತನ, ಒಳ್ಳೆಯ ಶಾಲೆ ನೋಡಿ ಅಧಿಕಾರಿಗಳನ್ನು ಆರಿಸುವ ಹಳೆಯ ಕ್ರಮ ಸಾಲದು ಎಂದು ಬ್ರಿಟಿಷ್ ಸೇನೆ 1942ರಲ್ಲಿ ಮನಶ್ಶಾಸ್ತ್ರಜ್ಞರ ನೆರವಿನ ಆಯ್ಕೆ ಮಂಡಳಿಗಳನ್ನು ರಚಿಸಿತು. ಮನೆತನದ ಬದಲು ಮನುಷ್ಯನನ್ನು ನೋಡುವುದು ಅದರ ಆಶಯ. ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರದಲ್ಲಿ ಎದೆಗೆ ಸಂಖ್ಯೆ ಕಟ್ಟಿಕೊಂಡು ಐದು ದಿನ ಕಳೆದಾಗ ಆ ಆಶಯದ ಗುಣವನ್ನು ನಾನು ಕಂಡಿದ್ದೇನೆ. ಅಲ್ಲಿ ನಾನು ಹೆಸರಲ್ಲ, ಜಾತಿಯಲ್ಲ, ಊರಲ್ಲ, ಬರೀ ಒಂದು ಸಂಖ್ಯೆ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಈ ಗೆರೆಯಿಂದ ಆ ಗೆರೆಗೆ ತಂಡವನ್ನು ದಾಟಿಸು ಎಂದಾಗ ಉಳಿದವರೆಲ್ಲ ನನ್ನ ಮಾತು ಕೇಳಿದರು. ಮನೆಯಲ್ಲಿ, ತರಗತಿಯಲ್ಲಿ ಅಷ್ಟು ಸಲೀಸಾಗಿ ಯಾರೂ ನನ್ನ ಮಾತು ಕೇಳಿರಲಿಲ್ಲ. ಕೊನೆಯ ದಿನದ ಪಟ್ಟಿಯಲ್ಲಿ ನನ್ನ ಸಂಖ್ಯೆ ಬರಲಿಲ್ಲ. ವಯಸ್ಸಿನ ಮಿತಿ ದಾಟಿತು, ನಾನು ಸಂಶೋಧನೆಗೆ ಬಂದೆ.

ಈಗ ಹಾಸ್ಟೆಲಿನ ಕಿರಿಯ ಹುಡುಗಿಯರು ನನ್ನ ಕೋಣೆಗೆ ಬಂದು ತಯಾರಿ ನಡೆಸುತ್ತಾರೆ. ಪದ ಸಂಬಂಧದ ಪರೀಕ್ಷೆಯಲ್ಲಿ 60 ಪದಗಳು, ಒಂದೊಂದಕ್ಕೆ 15 ಸೆಕೆಂಡು. ಪದ ಕಂಡೊಡನೆ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ. ನಾನು ಗಡಿಯಾರ ಹಿಡಿದು ಕೂರುತ್ತೇನೆ. ಹಾವೇರಿ ಕಡೆಯ ಒಬ್ಬ ಹುಡುಗಿ ಒಮ್ಮೆ ಪೆನ್ನು ಕೆಳಗಿಟ್ಟು ಹೇಳಿದಳು: "ಅಕ್ಕಾ, ಕನ್ನಡದಾಗ ಲಗೂನ ಹೊಳೀತೈತ್ರಿ. ಅದನ್ನ ಇಂಗ್ಲಿಷಿಗೆ ತರೂದ್ರಾಗ ಮುಂದಿನ ಶಬ್ದ ಬಂದ ಬಿಡ್ತೈತಿ." ಪರೀಕ್ಷೆ ಅಳೆಯಬೇಕಾದದ್ದು ಅವಳ ಮನಸ್ಸನ್ನು. ಅದು ಅಳೆಯುತ್ತಿರುವುದು ಅವಳ ಅನುವಾದದ ವೇಗವನ್ನು. ಮನೆತನವನ್ನು ಹೊರಗಿಡಲೆಂದು ಹುಟ್ಟಿದ ಪರೀಕ್ಷೆಯೊಳಗೆ ಶಾಲೆಯ ಮಾಧ್ಯಮ ಹಿಂಬಾಗಿಲಿನಿಂದ ನುಸುಳಿದೆ. ಇದು ಹುಡುಗರಿಗೂ ಇರುವ ತೊಡಕು ನಿಜ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಶಾಲೆಯ ಫೀಸು ಮೊದಲು ಹೋಗುವುದು ಮಗನ ಹೆಸರಿಗೆ.

ಕಳೆದ ಹತ್ತು ವರ್ಷಗಳಲ್ಲಿ ತಯಾರಿಯ ಭೂಪಟ ಬೇಗ ಬದಲಾಗಿದೆ, ಅದರಲ್ಲಿ ಕರ್ನಾಟಕದ ಊರುಗಳೂ ಇವೆ. 2016ರ ಜೂನ್‌ನಲ್ಲಿ ದುಂಡಿಗಲ್ ಅಕಾಡೆಮಿಯಿಂದ ಹೊರಬಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನ ಹಾರಿಸುವ ಮೊದಲು ಬೀದರಿನ ವಾಯುನೆಲೆಯಲ್ಲಿ ಹಾಕ್ ವಿಮಾನದ ಮೇಲೆ ಪಳಗಿದರು. ಸೇನಾ ಪೊಲೀಸ್ ದಳದ ಮೊದಲ 83 ಮಹಿಳಾ ಸೈನಿಕರು 61 ವಾರಗಳ ತರಬೇತಿ ಮುಗಿಸಿ 2021ರ ಮೇ ತಿಂಗಳಲ್ಲಿ ಹೊರಬಂದದ್ದು ಬೆಂಗಳೂರಿನ ಮೈದಾನದಿಂದ. ಅದೇ ವರ್ಷ ಆಗಸ್ಟ್ 18ರಂದು, ಕುಶ್ ಕಾಲ್ರಾ ಅವರ ಅರ್ಜಿಯ ಮೇಲೆ, ಎನ್‌ಡಿಎ ಪರೀಕ್ಷೆ ಬರೆಯಲು ಹುಡುಗಿಯರಿಗೆ ಸುಪ್ರೀಂ ಕೋರ್ಟ್ ಮಧ್ಯಂತರ ಅನುಮತಿ ಕೊಟ್ಟಿತು. ವ್ಯವಸ್ಥೆ ಮಾಡಿಕೊಳ್ಳಲು ಸಮಯ ಬೇಕು, ಮುಂದಿನ ವರ್ಷದಿಂದ ಬರೆಯಲಿ ಎಂದು ಸರ್ಕಾರ ಕೇಳಿಕೊಂಡಿತು. ನ್ಯಾಯಾಲಯ ಒಪ್ಪಲಿಲ್ಲ. ನವೆಂಬರ್ 14ಕ್ಕೆ ಪರೀಕ್ಷೆ ನಡೆಯಿತು. ಅಂದರೆ ಆ ಹುಡುಗಿಯರಿಗೆ ಸಿಕ್ಕ ತಯಾರಿಯ ಕಾಲ ಮೂರು ತಿಂಗಳಿಗಿಂತ ಕಡಿಮೆ. 2022ರಲ್ಲಿ 19 ಹುಡುಗಿಯರು ಖಡಕವಾಸ್ಲಾ ಸೇರಿದರು. 2025ರ ಮೇ 30ರಂದು ಅವರಲ್ಲಿ 17 ಮಂದಿ, ಮುನ್ನೂರಕ್ಕೂ ಹೆಚ್ಚು ಹುಡುಗರ ಜೊತೆ ಒಂದೇ ಮೈದಾನದಲ್ಲಿ ಹೆಜ್ಜೆ ಹಾಕಿ ಹೊರಬಂದರು.

ಅವರ ಜೊತೆಯ ಹುಡುಗರಲ್ಲಿ ಸೈನಿಕ ಶಾಲೆಗಳಿಂದ ಬಂದವರಿದ್ದರು. ಆರನೇ ತರಗತಿಯಿಂದಲೇ ಬೆಳಗಿನ ಪಿ.ಟಿ., ಇಂಗ್ಲಿಷ್, ಎನ್‌ಡಿಎಯ ಗಣಿತ ಕಂಡವರು. ವಿಜಯಪುರದ ಸೈನಿಕ ಶಾಲೆ 1963ರದ್ದು, ಕೊಡಗಿನ ಕೂಡಿಗೆಯದು 2007ರದ್ದು. ದೇಶದ ಎಲ್ಲ ಸೈನಿಕ ಶಾಲೆಗಳ ಆರನೇ ತರಗತಿಗೆ ಹುಡುಗಿಯರನ್ನು ಸೇರಿಸಿಕೊಳ್ಳುವ ನಿರ್ಧಾರ ಜಾರಿಗೆ ಬಂದದ್ದು 2021–22ರಿಂದ. ಆ ವರ್ಷ ಆರನೇ ತರಗತಿಗೆ ಹೋದ ಹುಡುಗಿ ಹನ್ನೆರಡನೆಯದನ್ನು ಮುಗಿಸುವುದು 2028ರಲ್ಲಿ. ಹುಡುಗರಿಗೆ ಅರವತ್ತು ವರ್ಷಗಳಿಂದ ಸಿಗುತ್ತಿರುವ ಏಳು ವರ್ಷಗಳ ತಯಾರಿ ಅದೇ ಶಾಲೆಗಳಲ್ಲಿ ಪೂರ್ತಿಯಾಗಿ ಸಿಕ್ಕ ಮೊದಲ ಕೆಲವು ತಂಡಗಳಲ್ಲಿ ಒಂದು ಅವಳದು. ಆ ಸೀಟುಗಳೂ ಬಹಳ ಕಡಿಮೆ. ನೂರಕ್ಕೆ ಹತ್ತು ಇಲ್ಲವೇ ಒಟ್ಟು ಹತ್ತು, ಯಾವುದು ಹೆಚ್ಚೋ ಅದು.

ಆದ್ದರಿಂದ 2028ರ ಎನ್‌ಡಿಎ ಫಲಿತಾಂಶವನ್ನು ನಾನು ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಹುಡುಗಿಯರು ಎಷ್ಟರ ಮಟ್ಟಿಗೆ ಸಮರ್ಥರು ಎಂದು ಯಾರಾದರೂ ಅಂಕಿಸಂಖ್ಯೆ ಹಿಡಿದು ವಾದಕ್ಕೆ ಬಂದರೆ, ಅವರಿಗೆ ಎಷ್ಟು ವಾರ ಕೊಟ್ಟಿದ್ದಿರಿ ಎಂದು ಮೊದಲು ಕೇಳುತ್ತೇನೆ. ಹಾವೇರಿಯ ಹುಡುಗಿ ಮಾತ್ರ ಅಷ್ಟು ದಿನ ಕಾಯುವಂತಿಲ್ಲ. ಅವಳ ಮುಂದಿನ ಎಸ್‌ಎಸ್‌ಬಿ ಬರುವ ತಿಂಗಳು. ಇವತ್ತು ಸಂಜೆಯೂ 60 ಪದಗಳಿವೆ.