ತಗಡು ಬಡಿಯುವವರು

ಮರಳವಾಡಿಯ ನಮ್ಮ ಕಡೆ ಓದು ತಲೆಗೆ ಹತ್ತದ ಹುಡುಗರಿಗೆ ಉಪಾಧ್ಯಾಯರು ಹೇಳುವ ಒಂದು ಮಾತಿತ್ತು: "ಹೋಗು, ಗ್ಯಾರೇಜಿನಲ್ಲಿ ತಗಡು ಬಡಿ." ನಾನೂ ಹೇಳಿದ್ದೇನೆ. ಚರಿತ್ರೆಯಲ್ಲಿ ಹನ್ನೊಂದು ಅಂಕ ತೆಗೆದ ಹುಡುಗನೊಬ್ಬನಿಗೆ ಇಡೀ ತರಗತಿಯ ಎದುರು ಹೇಳಿದ್ದು ಇವತ್ತಿಗೂ ನೆನಪಿದೆ. ಅವನು ಹೋಗಿಯೇ ಬಿಟ್ಟ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಟಿಂಕರ್ ಕೆಲಸ ಕಲಿತನೆಂದು ಆಮೇಲೆ ತಿಳಿಯಿತು.

ಎಷ್ಟೋ ವರ್ಷಗಳ ಮೇಲೆ, ಹಾರೋಹಳ್ಳಿ ರಸ್ತೆಯ ಪಕ್ಕದ ಶೀಟಿನ ಕೊಟ್ಟಿಗೆಯೊಂದರಿಂದ ಟಕ್ ಟಕ್ ಎಂಬ ಸದ್ದು ಕೇಳಿ ಇಣುಕಿದರೆ, ಅವನೇ. ಎದುರಿಗೆ ಮಾರಿಸ್ ಎಯ್ಟ್ ಎಂಬ ಹಳೆಯ ಕಾರು. ಎಡಗಡೆಯ ಮಡ್‌ಗಾರ್ಡು ಚೆನ್ನಾಗಿತ್ತು, ಬಲಗಡೆಯದು ತುಕ್ಕು ತಿಂದು ಜರಡಿಯಾಗಿತ್ತು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಮಾಡಿಯೇ ತೀರಬೇಕು. ಎಡಗಡೆಯದರ ಉಬ್ಬುತಗ್ಗಿಗೆ ರಟ್ಟು ಕತ್ತರಿಸಿ, ಅದನ್ನು ತಿರುವಿಹಾಕಿ ಬಲಗಡೆಗೆ ಅಳತೆ ಮಾಡಿಕೊಂಡಿದ್ದ. ಇಪ್ಪತ್ತು ಗೇಜಿನ ಉಕ್ಕಿನ ತಗಡು, ಒಂದು ಮಿಲಿಮೀಟರಿಗಿಂತ ತುಸು ತೆಳು. ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ನಡುವೆ ಬಡಿದರೆ ತಗಡು ಹಿಗ್ಗಿ ಬೋಗುಣಿಯಂತಾಗುತ್ತದೆ. ಅಂಚಿನಲ್ಲಿ ನೆರಿಗೆ ಎಬ್ಬಿಸಿ, ಆ ನೆರಿಗೆ ಹರಡಿಹೋಗದಂತೆ ಬಡಿದು ಕೂರಿಸಿದರೆ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳಲ್ಲೇ ಎಲ್ಲ ಆಕಾರವೂ ಇದೆ. ಬಡಿದಷ್ಟೂ ತಗಡು ಗಡುಸಾಗಿ ಕೊನೆಗೆ ಸೀಳುತ್ತದೆ. ಅದಕ್ಕೆ ಮೊದಲೇ ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಟ್ಟು ಮೆದು ಮಾಡಬೇಕು. ಕೊನೆಗೆ ಒಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಹೊರಗಿನಿಂದ ಹಗುರವಾಗಿ ಬಡಿದು ನಯ ಮಾಡುವುದು. ಕಣ್ಣಿಗೆ ಕಾಣದ ತಗ್ಗನ್ನು ಅವನ ಅಂಗೈ ಹುಡುಕುತ್ತಿತ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಇಲ್ಲಿ ದೊಣ್ಣೆಯೇ ಕುಂಬಾರನಾಗಿತ್ತು.

"ಆ ಕಾಲದಲ್ಲೂ ಹಿಂಗೇ ಮಾಡ್ತಿದ್ರಾ ಮಿಸ್?" ಎಂದು ಕೇಳಿದ. ಚರಿತ್ರೆಯ ಮೇಡಂಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಪುಸ್ತಕ ಹುಡುಕಿದೆ.

ಕಾರಿನ ಮೈ ಹುಟ್ಟಿದ್ದು ಕುದುರೆ ಸಾರೋಟು ಮಾಡುವವರ ಕೈಯಲ್ಲಿ. ಎರಡನೆಯ ಮಹಾಯುದ್ಧದವರೆಗೂ ರೋಲ್ಸ್ ರಾಯ್ಸ್ ಕಂಪನಿ ಇಂಜಿನ್ನು, ಚಾಸಿಗಳನ್ನಷ್ಟೇ ಮಾರುತ್ತಿತ್ತು. ಅದಕ್ಕೆ ಮರದ ಚೌಕಟ್ಟು ಕಟ್ಟಿ, ತಗಡು ಬಡಿದು ಹೊದಿಸುತ್ತಿದ್ದವರು ಹೂಪರ್, ಬಾರ್ಕರ್ ಮುಂತಾದ ಲಂಡನ್ನಿನ ಸಾರೋಟಿನ ಮನೆತನಗಳು. ನಮ್ಮ ನೆರೆಯ ಮದ್ರಾಸಿನಲ್ಲಿ 1840ರಲ್ಲಿ ಸಾರೋಟು ಕಟ್ಟಲು ತೊಡಗಿದ ಸಿಂಪ್ಸನ್ ಕಂಪನಿಯೂ ಹೀಗೆಯೇ ಮೋಟಾರಿನ ಮೈ ಕಟ್ಟುವುದಕ್ಕೆ ಬಂತು. ಅಷ್ಟರಲ್ಲಿ ಅಮೆರಿಕದ ಎಡ್ವರ್ಡ್ ಬಡ್ ಎಂಬಾತ ದೊಡ್ಡ ಅಚ್ಚುಗಳಲ್ಲಿ ಉಕ್ಕಿನ ತಗಡನ್ನು ಒತ್ತಿ ಇಡೀ ಮೈಯನ್ನೇ ಮಾಡುವ ಉಪಾಯ ತಂದ. 1914ರ ಡಾಜ್ ಕಾರಿಗೆ ಅಂಥ ಮೈ ಇತ್ತು. 1926ರಲ್ಲಿ ಮಾರಿಸ್ ಮತ್ತು ಬಡ್ ಸೇರಿ ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ಪ್ರೆಸ್ಡ್ ಸ್ಟೀಲ್ ಕಾರ್ಖಾನೆ ಕಟ್ಟಿಸಿದರು. ಹಾಗಾಗಿ 1935ರಲ್ಲಿ ಹೊರಬಂದ ಮಾರಿಸ್ ಎಯ್ಟ್ ಯಂತ್ರಯುಗದ ಕೂಸೇ. ಕಾರು ಉಳಿಯಿತು, ಅಚ್ಚು ಉಳಿಯಲಿಲ್ಲ. ಕೆಲಸ ತಿರುಗಿ ಕೈಗೇ ಬಂತು.

ನಮ್ಮ ನಾಡಿನ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೋಜನೆ ಹಾಕಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕಾರಿನ ಕನಸು ಕಂಡಿದ್ದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಯುದ್ಧ ಮುಗಿದು ವಿಮಾನದ ಕೆಲಸ ಇಳಿದಾಗ ಆ ಎಚ್.ಎ.ಎಲ್. ಬಸ್ಸಿನ ಮೈಗಳನ್ನೂ ರೈಲುಬೋಗಿಗಳನ್ನೂ ಕಟ್ಟಿತು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿತು. ನಾನು ಪಾಠ ಹೇಳುವಾಗ ಈ ಇಸವಿಗಳನ್ನೂ ಸ್ಥಾಪಕರ ಹೆಸರುಗಳನ್ನೂ ಬರೆಸಿದ್ದೇನೆ. ತಗಡು ಬಡಿದವರ ಬಗ್ಗೆ ಒಂದು ಸಾಲೂ ಬರೆಸಲಿಲ್ಲ. ಇಂದು ನಮ್ಮ ಬಿಡದಿಯ ಟೊಯೋಟ ಕಾರ್ಖಾನೆಯ ಕಾರುಗಳ ಮೈಯೂ ಅಚ್ಚಿನದೇ. ಅದರ ಬಗ್ಗೆಯೂ ಸ್ಥಾಪನೆಯ ಇಸವಿ 1997 ಎಂದೇ ಬರೆಸಿದ್ದೆ.

ಮುಂದಿನ ವಾರ ಹೋಗಿ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಮಿಷನ್ನು ಮಾಡಿದ್ದನ್ನ ನಾನು ಕೈಯಲ್ಲಿ ಮಾಡ್ತಿದೀನಿ ಅನ್ನಿ," ಎಂದು ನಕ್ಕ. "ಅವತ್ತು ಕ್ಲಾಸಿನಲ್ಲಿ ನಾನು ಹಾಗನ್ನಬಾರದಿತ್ತು ಕಣೋ," ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಂದ್ ವರ್ಷ ನಿಮ್ಮ ಸ್ಕೂಲ್ ಮುಂದೆ ಓಡಾಡ್ತಿರಲಿಲ್ಲ ಮಿಸ್. ಈಗ ಬಿಡಿ," ಎಂದು ಟೀ ತರಿಸಿದ.

ಮಡ್‌ಗಾರ್ಡು ಮುಗಿದಿತ್ತು. ಹೊರಗಡೆ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ, ಒಂದೇ ಒಂದು ಏಟಿನ ಗುರುತೂ ಇರಲಿಲ್ಲ. ಈ ಕಸುಬಿನಲ್ಲಿ ಕೆಲಸ ಚೆನ್ನಾದಷ್ಟೂ ಕೆಲಸಗಾರ ಕಾಣದಾಗುತ್ತಾನೆ. "ಕೈ ಒಳಗಡೆ ಹಾಕಿ ನೋಡಿ ಮಿಸ್," ಎಂದ. ಅಲ್ಲಿ, ತಾಮ್ರದ ಹಂಡೆಯ ಮೈಯಲ್ಲಿರುವಂತೆ, ಸಣ್ಣ ಸಣ್ಣ ಗುರುತುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು.